ನೇರ ಗೆರೆಗೆ ಶಾಕ್ ಕೊಡುವವರು

ಬದಿಯಡ್ಕ ಕಡೆಯ ಓದುಗಿಯೊಬ್ಬರ ಪತ್ರ:

"ಸಂಪಾದಕರೇ, ಕಳೆದ ವಾರ ಆಸ್ಪತ್ರೆ ಧಾರಾವಾಹಿಯ ಕಂತು ನೋಡುತ್ತ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ತಂಗಿಯ ಮದುವೆಯ ಓಡಾಟದಲ್ಲಿ ಎರಡು ಸಲ ಡಯಾಲಿಸಿಸ್ ತಪ್ಪಿಸಿದ ಅಣ್ಣ, ಚಪ್ಪರದಡಿ ಬೊಂಡ (ಎಳನೀರು) ಕುಡಿದು ಸ್ವಲ್ಪ ಹೊತ್ತಿಗೆ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಮಾನಿಟರಿನ ಗೆರೆ ನೇರವಾಯಿತು. ಡಾಕ್ಟರು ಮೂರು ಸಲ ಶಾಕ್ ಕೊಟ್ಟರು, ಮೂರನೆಯದಕ್ಕೆ ಎದೆ ಬಡಿಯಿತು. ನಾನಂತೂ ಅತ್ತುಬಿಟ್ಟೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುವ ಮಗಳು ಮಾತ್ರ ನಕ್ಕಳು. 'ಆ ಗೆರೆಗೆ ಶಾಕ್ ಕೊಡುವ ಕ್ರಮವೇ ಇಲ್ಲ ಅಮ್ಮಾ' ಎಂದಳು. ಕಥೆಯನ್ನು ಕಥೆಯಾಗಿ ನೋಡಬಾರದೇ? ನೀವಾದರೂ ಅವಳಿಗೆ ಬುದ್ಧಿ ಹೇಳಿ."

ಉತ್ತರ:

ಅಕ್ಕಾ, ಬುದ್ಧಿ ಹೇಳಬೇಕಾದ್ದು ಮಗಳಿಗಲ್ಲ. ನಿಮ್ಮ ಪಕ್ಷದಲ್ಲೂ ಒಂದು ಮಾತಿದೆ, ಅದನ್ನು ಮೊದಲೇ ಒಪ್ಪುತ್ತೇನೆ. ದಿನಕ್ಕೊಂದು ಕಂತು ಮುಗಿಸಬೇಕಾದವರಿಗೆ ನೇರ ಗೆರೆ, ಅದರ ಜತೆಗಿನ ಉದ್ದನೆಯ ಸದ್ದು ಸುಲಭದ ಭಾಷೆ. ಅಡುಗೆಮನೆಯಿಂದ ಇಣುಕಿದವರಿಗೂ ಅರ್ಥವಾಗುತ್ತದೆ. ಅದರಾಚೆಗೆ ಆ ಕಂತಿನ ಪರವಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ.

ಡಿಫಿಬ್ರಿಲೇಟರ್ ಎಂಬ ಆ ಯಂತ್ರ ನಿಂತ ಹೃದಯವನ್ನು ಬಡಿದೆಬ್ಬಿಸುವುದಿಲ್ಲ. ಕೆಲವೊಮ್ಮೆ ಹೃದಯದ ಸ್ನಾಯುವಿನ ಎಳೆಗಳು ತಮ್ಮತಮ್ಮಷ್ಟಕ್ಕೆ ನಡುಗತೊಡಗುತ್ತವೆ. ನಡುಕ ಇರುತ್ತದೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. ಆಗ ಮಾನಿಟರಿನಲ್ಲಿ ಕಾಣುವುದು ಸಣ್ಣ ಮಗು ಗೀಚಿದಂಥ ಅಂಕುಡೊಂಕು ಗೆರೆ. ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 150–200 ಜೂಲ್‌ನಷ್ಟು ವಿದ್ಯುತ್ತು ಹಾಯಿಸಿ ಆ ನಡುಕವನ್ನು ಒಮ್ಮೆಲೇ ನಿಲ್ಲಿಸುತ್ತಾರೆ, ಹೃದಯ ತನ್ನದೇ ತಾಳ ಹಿಡಿಯಲಿ ಎಂದು. ಶಾಕ್ ಇರುವುದು ನಿಲ್ಲಿಸುವುದಕ್ಕೆ. ನೇರ ಗೆರೆಯಲ್ಲಿ ನಿಲ್ಲಿಸಲು ಏನು ಉಳಿದಿದೆ?

ಗೆರೆ ನೇರವಾದರೆ ನಾಡಿ ನೋಡುತ್ತಾರೆ, ವಯರ್ ನೋಡುತ್ತಾರೆ. ಎದೆಗೆ ಅಂಟಿಸಿದ ಲೀಡ್ ಬೆವರಿಗೆ ಕಳಚಿಕೊಂಡರೂ ಗೆರೆ ನೇರವಾಗುತ್ತದೆ. ಇದೆಲ್ಲ ಆಗುವಾಗ ಎದೆ ಒತ್ತುವುದು ನಿಲ್ಲಬಾರದು. ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳುವ ಹಾಗೆ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ದಣಿದವರಿಗೆ ತಮ್ಮ ಒತ್ತು ಮೇಲುಮೇಲಾದದ್ದು ತಿಳಿಯುವುದಿಲ್ಲ. ಮೆತ್ತನೆಯ ಹಾಸಿಗೆಯಾದರೆ ಬೆನ್ನಿನಡಿಗೆ ಹಲಗೆ ಬೇಕು, ಇಲ್ಲವಾದರೆ ತಗ್ಗುವುದು ಎದೆಯಲ್ಲ, ಹಾಸಿಗೆ. ಅಡ್ರಿನಲಿನ್ ಇಂಜೆಕ್ಷನ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ನೀವು ನೋಡಿದ ಡಾಕ್ಟರ ಮೊಣಕೈ ಮಡಚಿತ್ತೇ, ನೆನಪು ಮಾಡಿಕೊಳ್ಳಿ. ತೆರೆಯ ಮೇಲೆ ಹೆಚ್ಚಾಗಿ ಮಡಚಿಯೇ ಇರುತ್ತದೆ. ನಟನ ಎದೆಯನ್ನು ನಿಜವಾಗಿ ಒತ್ತಿದರೆ ಪಕ್ಕೆಲುಬು ಮುರಿದೀತು, ಒಪ್ಪಿದೆ. ಆದರೆ ಒಂದು ಬೊಂಬೆ ಮಲಗಿಸಿ, ಒತ್ತುವವರ ಭುಜ ಮತ್ತು ಮುಖವನ್ನಷ್ಟೇ ತೋರಿಸಿದ್ದರೂ ಸಾಕಿತ್ತು.

ನನಗೆ ಇದಕ್ಕಿಂತ ಹೆಚ್ಚು ಸಂಕಟವಾದದ್ದು, ಕಥೆ ಬರೆದವರು ಮೊದಲ ದೃಶ್ಯದಲ್ಲಿ ತಾವೇ ಹಿಡಿದ ಎಳೆಯನ್ನು ಕೈಬಿಟ್ಟದ್ದು. ಎರಡು ಡಯಾಲಿಸಿಸ್ ತಪ್ಪಿದವನು, ಮೇಲಿಂದ ಬೊಂಡದ ನೀರು! ಒಂದು ಲೋಟ ಎಳನೀರಿನಲ್ಲಿ ಸುಮಾರು 500–600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸರಿ ಇದ್ದವರು ಅದನ್ನು ಹೊರಹಾಕುತ್ತಾರೆ, ಇವನಿಗೆ ಅದು ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರಿದಂತೆ ಇಸಿಜಿಯ ಅಲೆ ಗುಡಾರದಂತೆ ಚೂಪಾಗುತ್ತದೆ, ಆಮೇಲೆ ಅಗಲವಾಗುತ್ತ ಹೋಗುತ್ತದೆ, ಕೊನೆಗೆ ನಿಲ್ಲುತ್ತದೆ. ಕಥೆ ಮಾನಿಟರಿನಲ್ಲೇ ಬರೆದಿತ್ತು, ಓದುವವರು ಬೇಕಿತ್ತು.

ಆ ಕಂತು ಹೀಗೆ ನಡೆದಿದ್ದರೆ ಎಂದು ಯೋಚಿಸಿ. ಒಬ್ಬರು ಎದೆ ಒತ್ತುತ್ತಿದ್ದಾರೆ. ಇಂಜೆಕ್ಷನ್ನಿಗೆ ನರ ಹುಡುಕುತ್ತ ಸಿಸ್ಟರ್ ರೋಗಿಯ ಅಂಗಿಯ ಎಡತೋಳು ಮೇಲೆ ಸರಿಸುತ್ತಾಳೆ. ಅಲ್ಲಿ ಹಗ್ಗದಂತೆ ಉಬ್ಬಿದ ನರ, ಅದರ ಮೇಲೆ ಸಾಲುಸಾಲು ಸೂಜಿಯ ಕಲೆ. ಡಯಾಲಿಸಿಸಿಗಾಗಿ ಮಾಡಿದ ಫಿಸ್ಟುಲಾ ಅದು. "ಡಾಕ್ಟ್ರೇ, ಡಯಾಲಿಸಿಸ್ ಪೇಷಂಟ್!" ಅಷ್ಟು ಸಾಕು, ಕೋಣೆಯ ದಿಕ್ಕೇ ಬದಲಾಗುತ್ತದೆ. ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲವೇ ನಿಮಿಷಗಳಲ್ಲಿ ಹೃದಯಕ್ಕೆ ರಕ್ಷಣೆ ಕೊಡುತ್ತದೆ, ಆದರೆ ಪೊಟ್ಯಾಸಿಯಂ ಇಳಿಸುವುದಿಲ್ಲ, ಅದರ ಬಲ ಉಳಿಯುವುದೂ ಅರ್ಧ ಗಂಟೆಯಿಂದ ಒಂದು ಗಂಟೆ. ಅಷ್ಟರೊಳಗೆ 10 ಯೂನಿಟ್ ಇನ್ಸುಲಿನ್ ಮತ್ತು 25 ಗ್ರಾಂ ಗ್ಲೂಕೋಸ್ ಕೊಟ್ಟು ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಕ್ಕೆ ತಳ್ಳಬೇಕು. ಬೈಕಾರ್ಬನೇಟ್ ಕೊಡುವುದಾದರೆ ಕ್ಯಾಲ್ಸಿಯಂ ಹೋದ ಅದೇ ನಳಿಗೆಯಲ್ಲಿ ಹಾಗೆಯೇ ಕೊಡುವಂತಿಲ್ಲ, ಎರಡೂ ಸೇರಿದರೆ ಸುಣ್ಣದಂತೆ ಗಟ್ಟಿಯಾಗಿ ನಳಿಗೆಯೇ ಕಟ್ಟಿಕೊಳ್ಳುತ್ತದೆ. ನಡುವೆ ಸಲೈನ್ ಹಾಯಿಸಬೇಕು. ಕೊನೆಗೆ ಪೊಟ್ಯಾಸಿಯಂ ಮೈಯಿಂದ ಹೊರಗೆ ಹೋಗಬೇಕಾದರೆ ಡಯಾಲಿಸಿಸೇ ಆಗಬೇಕು, ಆ ಯಂತ್ರ ಖಾಲಿ ಇದೆಯೇ? ಮೂರು ಜಾಹೀರಾತು ವಿರಾಮಕ್ಕೆ ಸಾಲುವಷ್ಟು ಆತಂಕ ಇಲ್ಲಿದೆ. ಮಗಳನ್ನು ಕೇಳಿ, ಸಿಸ್ಟರ್ ತೋಳು ಸರಿಸುವ ಆ ದೃಶ್ಯಕ್ಕೆ ಅವಳು ಖಂಡಿತ ನಗುತ್ತಿರಲಿಲ್ಲ.

'ಕಥೆಯನ್ನು ಕಥೆಯಾಗಿ' ಎಂದಿರಿ. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು. ವಾಲಿ ಸಾಯುತ್ತಾನೆಂದು ತಿಳಿಯದವರು ಆಟದ ಬಯಲಿನಲ್ಲಿ ಒಬ್ಬರೂ ಇರುವುದಿಲ್ಲ, ಆದರೂ ಬಾಣ ತಾಗುವ ತನಕ ಯಾರೂ ಏಳುವುದಿಲ್ಲ. ಆ ಬಿಗಿ ಬರುವುದು ಭಾಗವತರು ಪದ ಎತ್ತುವ ಹದದಿಂದ, ಚೆಂಡೆಯ ಲೆಕ್ಕದಿಂದ. ಪೆಟ್ಟು ತಪ್ಪಿದರೆ ಕೊನೆಯ ಸಾಲಿನಲ್ಲಿ ತೂಕಡಿಸುವ ಅಜ್ಜನಿಗೂ ಎಚ್ಚರವಾಗುತ್ತದೆ. ಆಟದಲ್ಲಿ ತಾಳ ತಪ್ಪಿದರೆ ಸಹಿಸದ ನೀವು ಜೀವ ಉಳಿಸುವ ಕೆಲಸದಲ್ಲಿ ತಪ್ಪಿದ ತಾಳಕ್ಕೆ ಕಣ್ಣೀರು ಹಾಕಿದ್ದೀರಿ. ಅದಕ್ಕೇ ನಿಮ್ಮ ಮೇಲೆ ನನಗೆ ತುಸು ಮುನಿಸು.

ಇದು ಬರೀ ರುಚಿಯ ಪ್ರಶ್ನೆಯೂ ಅಲ್ಲ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ವೈದ್ಯರು ಅಲ್ಲಿನ ಮೂರು ಟಿವಿ ಕಾರ್ಯಕ್ರಮಗಳ 97 ಕಂತುಗಳನ್ನು ಕೂತು ನೋಡಿದರು. ಎದೆ ಒತ್ತಿ ಬದುಕಿಸುವ 60 ಪ್ರಸಂಗಗಳು ಸಿಕ್ಕವು, ಅವುಗಳಲ್ಲಿ ಮುಕ್ಕಾಲು ಪಾಲು ರೋಗಿಗಳು ಆ ಕ್ಷಣಕ್ಕೆ ಬದುಕಿದ್ದರು. ನಿಜದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಮನೆಗೆ ಮರಳುವವರು ಒಳ್ಳೆಯ ವ್ಯವಸ್ಥೆಯಿರುವ ದೇಶಗಳಲ್ಲೂ ಹತ್ತರಲ್ಲಿ ಒಬ್ಬರ ಆಸುಪಾಸು. ಶಾಕಿನಿಂದಲೇ ಎಲ್ಲ ಎಂದು ನಂಬಿದ ಮನೆಯವರು ಕಾರಿಗೆ ಫೋನು ಮಾಡುತ್ತಾರೆ, ಎದೆಗೆ ಕೈ ಹಾಕುವುದಿಲ್ಲ. ಕೈಯ ಬಲ ಜನರಿಗೆ ತಿಳಿದದ್ದೇ ಶಾಕ್ ಯಂತ್ರದ ಪ್ರಯೋಗದಿಂದ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡುವಾಗ, ಶಾಕ್ ಕೊಡುವ ಭಾರದ ಪ್ಯಾಡಲನ್ನು ಎದೆಗೆ ಒತ್ತಿದ ಮಾತ್ರಕ್ಕೆ, ವಿದ್ಯುತ್ತು ಹಾಯಿಸುವ ಮೊದಲೇ, ರಕ್ತದೊತ್ತಡ ಏರಿದ್ದನ್ನು ಗಮನಿಸಿದರು. 1960ರಲ್ಲಿ ಪ್ರಕಟವಾದ ಆ ಲೇಖನದಿಂದ ಲೋಕವೇ ಎದೆ ಒತ್ತಲು ಕಲಿಯಿತು.

ನಮ್ಮ ಕಡೆಯವರಿಗೆ ಇದು ಇನ್ನೂ ಹೆಚ್ಚು ಬೇಕು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್ ದಾರಿ. ದೊಡ್ಡ ಕಾಯಿಲೆ ಎಂದರೆ ಇಂದಿಗೂ ಆ ದಾರಿಯನ್ನೇ ನಂಬಿದವರು ನಾವು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ರೋಗಿಗಳು ಈಚೆಯೇ ಉಳಿದರು, ಕೆಲವರ ಜೀವವೂ ಹೋಯಿತು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮುಚ್ಚಿದ ರಸ್ತೆ, ಆಂಬುಲೆನ್ಸಿನೊಳಗೆ ಕಳೆಯುವ ನಿಮಿಷಗಳು, ಇವನ್ನು ಬರೆಯುವ ಕನ್ನಡ ಧಾರಾವಾಹಿಗಾಗಿ ನಾನು ಕಾಯುತ್ತಿದ್ದೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಎರಡು ರಾಜ್ಯಗಳ ನಡುವೆ ಇದ್ದೇವೆ. ಪೊಟ್ಯಾಸಿಯಂ ಹೆಚ್ಚಿರುವ ಆಹಾರದ ಪಟ್ಟಿ, ಎದೆ ಒತ್ತುವ ಕ್ರಮದ ಚಿತ್ರಪಟ, ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸುವ ಕಾಗದ, ಇವು ಕನ್ನಡದಲ್ಲಿ ಸಿಗುವುದು ನಮ್ಮ ಹಕ್ಕು. ಅವು ಕೈಗೆ ಸಿಗದ ಮನೆಯಲ್ಲಿ ಪಾಠ ಹೇಳುವುದು ಟಿವಿ ಒಂದೇ. ಅದು ತಪ್ಪು ಹೇಳಬಾರದು.

ಧಾರಾವಾಹಿ ನೋಡುವುದನ್ನು ಬಿಡಬೇಡಿ. ಮಗಳು ಮುಂದಿನ ಸಲ ಊರಿಗೆ ಬಂದಾಗ ನಡುಮನೆಯ ನೆಲದ ಮೇಲೆ ಗಟ್ಟಿಯಾದ ತಲೆದಿಂಬು ಇಟ್ಟು, ಅಂಗೈ ಮೇಲೆ ಅಂಗೈ, ಮೊಣಕೈ ನೇರ, ಭುಜ ಕೈಯ ಮೇಲಕ್ಕೆ ಬರುವಂತೆ ಮಂಡಿಯೂರಿ 2 ನಿಮಿಷ ಒತ್ತಿ ನೋಡಿ. ಎಣಿಸುವ ಕೆಲಸ ಅವಳಿಗೆ ಬಿಡಿ. ಆಮೇಲೆ ವಾಹಿನಿಗೊಂದು ಪತ್ರ ಬರೆಯಿರಿ, ನನಗೆ ಬರೆದಷ್ಟೇ ಒಳ್ಳೆಯ ಕನ್ನಡದಲ್ಲಿ. ಕೆಳಗೆ ನಿಮ್ಮ ಸಹಿಯ ಪಕ್ಕ ಮಗಳ ಸಹಿಯೂ ಇರಲಿ.