ಸಮಾಜ ವಿಜ್ಞಾನದ ಪಾಠವನ್ನು ನಾಟಕ ಮಾಡಿಸಿದರೆ ಮಕ್ಕಳು ನಿಜವಾಗಿ ಕಲಿಯುತ್ತಾರಾ?

ನೀವು ಹಾವೇರಿ ಕಡೆಯ ಹೈಸ್ಕೂಲ್ ಶಿಕ್ಷಕರು ಅಂತ ಬರೆದಿದ್ದೀರಿ. ಸ್ವಾತಂತ್ರ್ಯ ಹೋರಾಟದ ಪಾಠವನ್ನು ನಾಟಕ ಮಾಡಿಸಿದಿರಿ. ನಾಲ್ಕು ಮಕ್ಕಳು ಮಾತು ಬಾಯಿಪಾಠ ಮಾಡಿ ಒಪ್ಪಿಸಿದರು, ಉಳಿದವರು ಚಪ್ಪಾಳೆ ಹೊಡೆದರು. ಇದರಲ್ಲಿ ಕಲಿತದ್ದೇನು ಅನ್ನೋದು ನಿಮ್ಮ ಪ್ರಶ್ನೆ.

ಅನುಮಾನ ಸರಿಯಾಗಿಯೇ ಇದೆ. ನೀವು ಮಾಡಿಸಿದ್ದು ಗ್ಯಾದರಿಂಗ್ ನಾಟಕ, ಅಂದರೆ ಶಾಲಾ ವಾರ್ಷಿಕೋತ್ಸವದಲ್ಲಿ ಆಡಿಸುವಂಥದ್ದು. ಅದರ ಖುಷಿಯೇ ಬೇರೆ, ಬಣ್ಣ, ಅಂಟಿಸಿದ ಮೀಸೆ ಎಲ್ಲ ಇರಲಿ. ಆದರೆ ಅಲ್ಲಿ ಮುಂದೇನಾಗುತ್ತದೆ ಅನ್ನೋದು ಮೊದಲೇ ಬರೆದಿರುತ್ತದೆ. ಮಕ್ಕಳು ತೀರ್ಮಾನ ಮಾಡೋಕೆ ಏನೂ ಉಳಿದಿರುವುದಿಲ್ಲ. ಪಾಠಕ್ಕೆ ಬೇಕಾದ ನಾಟಕ ನಡುವೆ ನಿಲ್ಲಬೇಕು, ನಿಂತಲ್ಲಿ ಮಕ್ಕಳು ತಲೆ ಕೆರೆದುಕೊಳ್ಳಬೇಕು.

ನಾನು ಧಾರವಾಡದವನು, ಸುತ್ತಲಿನ ಶಾಲೆಗಳಲ್ಲಿ ಇಂಥ ನಾಟಕ ಮಾಡಿಸುತ್ತೇನೆ. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ಕಸಿಯಲು ಹೋಗಿ, ಇಬ್ಬರು ಜೊತೆಗಾರರ ಸಮೇತ ಪೊಲೀಸರ ಗುಂಡಿಗೆ ಬಲಿಯಾದರು. ಆ ಗುಂಡಿನ ದೃಶ್ಯ ಮಾತ್ರ ಮಾಡಿಸಬೇಡಿ. ಎಲ್ಲರಿಗೂ ಸಾಯುವ ಪಾರ್ಟೇ ಬೇಕಾಗುತ್ತದೆ, ಪೀರಿಯಡ್ ಅಲ್ಲಿಗೇ ಮುಗಿಯಿತು.

ಅದಕ್ಕೂ ಹಿಂದಿನ ರಾತ್ರಿಗೆ ಹೋಗಿ. ಇಡೀ ತರಗತಿ ಒಂದು ಊರು. ನೀವು ಮಹಾದೇವಪ್ಪನವರ ಗುಂಪಿನ ಹೋರಾಟಗಾರನಾಗಿ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು, “ಇವತ್ತೊಂದ್ ರಾತ್ರಿ ಉಳಕೊಳ್ಳಾಕ ಜಾಗ ಕೊಡ್ತೀರೇನ್ರಿ?” ಅಂತ ಕೇಳಿ. ಟವೆಲ್ ತೆಗೆದರೆ ಮತ್ತೆ ಮಾಸ್ತರು. ಒಂದು ಶಾಲೆಯಲ್ಲಿ ಹೀಗೆ ಕೇಳಿದಾಗ ಅರ್ಧ ತರಗತಿ “ಬರ್ರಿ, ಬರ್ರಿ” ಅಂದಿತು. ಒಬ್ಬ ಹುಡುಗ ಮಾತ್ರ, “ನಮ್ಮಪ್ಪ ಈ ಊರ ವಾಲೀಕಾರ ಅದಾನ್ರಿ. ನಾಳೆ ಪೊಲೀಸ್ರು ಮೊದಲ ನಮ್ಮನಿಗೇ ಬರ್ತಾರ” ಅಂದ. ವಾಲೀಕಾರ ಅಂದರೆ ಊರಿನ ಸರ್ಕಾರಿ ಚಾಕರಿ ಮಾಡುವವನು. ಹಿಂದಿನ ಸಾಲಿನ ಹುಡುಗಿ ಎದ್ದಳು: “ರೊಕ್ಕ ರೈತರದು ಅಂತೀರಿ. ಯಾರದು ಎಷ್ಟು ಅಂತ ಹೆಂಗ ಗೊತ್ತಾಗತೈತ್ರಿ?” ಊರಿನ ಲೆಕ್ಕ ಬರೆಯುವ ಕುಲಕರ್ಣಿಯವರ ದಫ್ತರದಲ್ಲಿ ಇರುತ್ತದೆ ಅಂತ ಪಕ್ಕದವಳು. ಸರಿ, ದಫ್ತರ ಸುಡಬೇಕಾ, ಇಟ್ಟುಕೊಳ್ಳಬೇಕಾ ಅಂತ ಜಗಳವೇ ಶುರುವಾಯಿತು.

ಅಲ್ಲಿ ನಿಲ್ಲಿಸಿದೆ. ಕಂದಾಯ ವಸೂಲಿ ಮಾಡುತ್ತಿದ್ದವರು ಯಾರು, ಬೆಳೆ ಹೋದರೂ ಕಟ್ಟಲೇಬೇಕಿತ್ತಾ, ಎಲ್ಲ ಅವರೇ ಕೇಳಿದರು. ಪುಸ್ತಕ ತೆಗೆಯಿರಿ ಅಂತ ಹೇಳುವ ಕೆಲಸ ನನಗೆ ಬೀಳಲಿಲ್ಲ.

ಹೀಗೆ ಮಾಸ್ತರೇ ಪಾತ್ರವಾಗಿ ಒಳಗೆ ಬರುವ ಕ್ರಮವನ್ನು ಬೆಳೆಸಿದವರು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್. ಇನ್ನೊಂದು ದಾರಿ ಬ್ರೆಜಿಲ್‌ನ ಆಗಸ್ಟೋ ಬೋಲ್ ಅವರ ಫೋರಂ ಥಿಯೇಟರ್. ಒಂಬತ್ತನೇ ತರಗತಿ ಹುಡುಗಿಯನ್ನು ಮನೆಯವರು ಶಾಲೆ ಬಿಡಿಸುತ್ತಾರೆ ಅಂತಿಟ್ಟುಕೊಳ್ಳಿ. ಐದು ನಿಮಿಷದ ದೃಶ್ಯ, ಅವಳು ಸೋಲುವಲ್ಲಿಗೆ ಮುಗಿಯಬೇಕು. ಎರಡನೇ ಸಲ ಆಡುವಾಗ ನೋಡುವವರಲ್ಲಿ ಯಾರು ಬೇಕಾದರೂ “ನಿಲ್ಲಿಸ್ರಿ” ಅಂದು ಬಂದು, ಅವಳ ಜಾಗದಲ್ಲಿ ನಿಂತು ಬೇರೆ ಏನಾದರೂ ಮಾಡಿ ನೋಡಬಹುದು. ಅಪ್ಪನ ಜಾಗಕ್ಕೆ ಮಾತ್ರ ಯಾರೂ ಬರುವಂತಿಲ್ಲ. ಅಪ್ಪ ಏಕಾಏಕಿ ಒಳ್ಳೆಯವನಾಗಿಬಿಟ್ಟರೆ ಆಟ ಮುಗಿದಂತೆಯೇ ಅಲ್ವಾ? ಯಾರ ಮನೆಯಲ್ಲಿ ಇದು ನಿಜವಾಗಿ ನಡೆಯುತ್ತಿದೆ ಅಂತ ನಿಮಗೆ ಗೊತ್ತಿದೆಯೋ ಆ ಮಗುವಿಗೆ ಈ ಪಾತ್ರ ಕೊಡಲೇಬೇಡಿ. ಹೆಸರು, ಊರು ಎಲ್ಲ ಕಟ್ಟಿದ್ದೇ ಇರಲಿ.

ಎಲ್ಲ ಪಾಠಕ್ಕೂ ಇದು ಒಗ್ಗುವುದಿಲ್ಲ. ನಕಾಶೆ ತುಂಬಿಸೋಕೆ ಬೋರ್ಡೇ ಸಾಕು. ಒಬ್ಬರಿಗೆ ಎರಡು ದಾರಿ ಇದ್ದು, ಎರಡರಲ್ಲೂ ನಷ್ಟ ಇರುವ ಪಾಠ ಹುಡುಕಿ. ಗದ್ದಲ ಅಂತ ಹೆಡ್‌ಮಾಸ್ತರು ಗೊಣಗಿದರೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅನ್ನಿ, ಸುಳ್ಳೇನಲ್ಲ. ಆಟವಾದ ಮೇಲೆ ಆ ಊರಿನವರೊಬ್ಬರಾಗಿ ನೆಂಟರಿಗೆ ಕಾಗದ ಬರೆಸಿ, ಮಾರ್ಕ್ಸ್ ಅದಕ್ಕೆ ಹಾಕಿ. ಅಭಿನಯಕ್ಕೆ ಹಾಕಬೇಡಿ.

ಬೆಂಚು ತುಂಬಿದ ಕೋಣೆಗಿಂತ ವರಾಂಡಾ ವಾಸಿ. ಬಿಸಿಯೂಟದ ನಂತರದ ಪೀರಿಯಡ್ ಮಾತ್ರ ಬೇಡ. ಆಗ ಇಡೀ ಊರೇ ತೂಕಡಿಸುತ್ತಿರುತ್ತದೆ.