ಹೊಸದಾಗಿ ಕೊಂಡ ಮನೆಗೆ ಕೈತೋಟ: ಗಿಡಕ್ಕೆ ಮೊದಲು ರಂಗೋಲಿ ಪುಡಿ ತನ್ನಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೈಸೂರಿನಲ್ಲಿ 40×60 ಸೈಟಿನ ಹಳೇ ಮನೆ ಕೊಂಡಿದ್ದೀರಿ. ಪೂರ್ವಕ್ಕೆ ಬಾಗಿಲು, ಮುಂದೆ ಸ್ವಲ್ಪ ಜಾಗ, ಎರಡೂ ಪಕ್ಕ 5 ಅಡಿ ಪಟ್ಟಿ, ಹಿತ್ತಲಲ್ಲಿ ಒಂದು ಸೀಬೆ ಮರ. ಗಾರ್ಡನ್ ಮಾಡಿಕೊಡುವವರೊಬ್ಬರು ಬಂದು ನೋಡಿ, ಸೀಬೆ ಕಡಿಸಿ, ಎಲ್ಲಾ ಕಡೆ ಲಾನ್ ಹಾಸಿ, ಕಾಂಪೌಂಡ್ ಉದ್ದಕ್ಕೂ ಪಾಮ್ ನೆಡೋಣ ಅಂದಿದ್ದಾರೆ. ಒಪ್ಪಬಹುದಾ ಅಂತ ಕೇಳಿದ್ದೀರಿ.

ಈಗಲೇ ಒಪ್ಪಬೇಡಿ. ಆರು ವರ್ಷದ ಹಿಂದೆ ಬೋಗಾದಿ ಕಡೆ ಮನೆ ತಗೊಂಡಾಗ ನಾನು ಹೀಗೇ ಒಂದು ಮಾತಿಗೆ ಒಪ್ಪಿದ್ದೆ. ಗೃಹಪ್ರವೇಶಕ್ಕೆ ಬಂದವರೆಲ್ಲಾ ಹಸಿರು ಹಾಸು ನೋಡಿ ಹೊಗಳಿದ್ದೇ ಹೊಗಳಿದ್ದು. ಯುಗಾದಿ ಹೊತ್ತಿಗೆ ಅದು ಅಲ್ಲಲ್ಲಿ ಬೋಳಾಗಿ, ಹುಳ ತಿಂದ ಕಂಬಳಿ ತರಹ ಆಗಿತ್ತು. ನೀರು ಸಾಲದೇನೋ ಅಂತ ಇನ್ನಷ್ಟು ಸುರಿದೆ. ಆಮೇಲೆ ಒಂದು ಭಾನುವಾರ ಗುದ್ದಲಿ ತಗೊಂಡು ಅಗೆದೆ. ನಾಲ್ಕು ಇಂಚು ಕೆಮ್ಮಣ್ಣು, ಅದರ ಕೆಳಗೆ ಠಣ್ ಅಂತ ಸದ್ದು. ಇಟ್ಟಿಗೆ ಚೂರು, ಗಾರೆ ಹೆಂಟೆ, ಸೆಂಟ್ರಿಂಗ್ ತಂತಿ, ಅರ್ಧ ಸಿಮೆಂಟ್ ಚೀಲ ಹಾಗೇ ಕಲ್ಲಾಗಿ ಕೂತಿದೆ. ಬಾತ್‌ರೂಮಿನ ನೀಲಿ ಟೈಲ್ಸ್ ಕೂಡ ಸಿಕ್ಕಿತು, ನಮ್ಮ ಮನೆಯಲ್ಲಿ ಆ ಬಣ್ಣದ ಟೈಲ್ಸೇ ಇಲ್ಲ! ಒಂದೂವರೆ ಅಡಿ ಅಗೆಸಿ, ಎರಡು ಟ್ರ್ಯಾಕ್ಟರ್ ಲೋಡ್ ಆಚೆ ಹಾಕಿಸಿದೆವು.

ಆದ್ದರಿಂದ ನೀವು ಮೊದಲು ನಾಲ್ಕೈದು ಕಡೆ ಒಂದೊಂದು ಅಡಿ ಗುಂಡಿ ತೋಡಿ ನೋಡಿ. ಗಾರೆ, ಸಿಮೆಂಟ್ ಸಿಕ್ಕರೆ ಅದನ್ನು ತೆಗೆಸದೆ ಮೇಲೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಅದರ ಸುಣ್ಣದ ಅಂಶಕ್ಕೆ ಮಣ್ಣು ಕ್ಷಾರವಾಗುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ. ಎಲೆಯ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲಾ ಹಳದಿ ತಿರುಗಿದರೆ ಇದೇ ಕಾರಣ ಇರಬಹುದು. ಗುಂಡಿಗೆ ನೀರು ತುಂಬಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆಯೂ ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ ಅಂತ ಅರ್ಥ. ಮೈಸೂರಿನ ಕೆಮ್ಮಣ್ಣಿನಲ್ಲಿ ನೀರು ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ ಗದ್ದೆ ಒಡೆದು ಮಾಡಿದ ಲೇಔಟುಗಳಲ್ಲಿ ಇಳಿಯುವುದು ಕಷ್ಟ, ಅಲ್ಲಿ ಪಾತಿ ಎತ್ತರಿಸಿಕೊಳ್ಳಲೇಬೇಕು.

ಅಗೆಯುವ ಮೊದಲು ಸಂಪು, ಯುಜಿಡಿ (ಒಳಚರಂಡಿ) ಚೇಂಬರು, ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಹಳೇ ಮಾಲೀಕರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ರಂಗೋಲಿ ಪುಡಿ ವಿಷಯ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಮನೆಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಪುಡಿಯಲ್ಲಿ ಗೆರೆ ಎಳೆಯಿರಿ, ಫೋಟೋ ತೆಗೆದಿಡಿ. ತಿಂಗಳಿಗೊಂದು ಸಲ ಸಾಕು. ನಾನು ಬಗ್ಗಿಕೊಂಡು ಗೆರೆ ಎಳೆಯುತ್ತಿದ್ದಾಗ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿ, “ಏನಪ್ಪಾ, ಯಾರಾದ್ರೂ ಮಾಟ ಮಾಡ್ಸಿದಾರಾ?” ಅಂತ ಕೇಳಿದ್ದರು. ನಗಬೇಡಿ, ಕೈತೋಟದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಆ ಗೆರೆಗಳೇ.

ಯಾಕೆ ಅಂದರೆ ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ಮನೆಯ ಉತ್ತರದ ಪಟ್ಟಿಗೆ ಚೆನ್ನಾಗಿ ಬಿಸಿಲು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಜಾರಿರುತ್ತಾನೆ. 15 ಅಡಿ ಎತ್ತರದ ಗೋಡೆಯ ನೆರಳು ಮಟಮಟ ಮಧ್ಯಾಹ್ನವೂ 11 ಅಡಿ ಚಾಚುತ್ತದೆ. ಉತ್ತರಕ್ಕಿರುವ ನಿಮ್ಮ 5 ಅಡಿ ಪಟ್ಟಿ ಪೂರ್ತಿ ನೆರಳು. ಇದು ಗೊತ್ತಿಲ್ಲದೆ ನಾನು ಜೂನಿನಲ್ಲಿ ಬಿಸಿಲು ನೋಡಿ ಉತ್ತರದ ಕಡೆ ಎಂಟು ಗುಲಾಬಿ ನೆಟ್ಟೆ. ದೀಪಾವಳಿ ಹೊತ್ತಿಗೆ ಬರೀ ಕಡ್ಡಿ, ಎಲೆ ಮೇಲೆ ಬೂದಿರೋಗ. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕಲ್ವಾ?

ಈಗ ಅಲ್ಲಿ ವೀಳ್ಯದೆಲೆ ಬಳ್ಳಿ ಇದೆ. ಹಳೇ ಪಿವಿಸಿ ಪೈಪಿಗೆ ಗೋಣಿತಾಟು ಸುತ್ತಿ ಹಬ್ಬಿಸಿದ್ದೇನೆ, ತಾಟು ಒದ್ದೆ ಇದ್ದರೆ ಬೇರು ತಾನೇ ಕಚ್ಚಿಕೊಳ್ಳುತ್ತದೆ. ಮೈಸೂರು ವೀಳ್ಯದೆಲೆಗೆ ಜಿಐ ಗುರುತು, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಮಾನ್ಯತೆ ಇದೆ, ಅದು ಬಯಸುವುದೂ ನೆರಳು ಮತ್ತು ತೇವವನ್ನೇ. ಕೆಳಗೆ ದೊಡ್ಡಪತ್ರೆ, ಪುದೀನ. ಪೂರ್ವಕ್ಕೆ ವರ್ಷವಿಡೀ ಬೆಳಗಿನ ಬಿಸಿಲು ಬರುವುದರಿಂದ ನಿಮ್ಮ ಮುಂದಿನ ಜಾಗ ಮಲ್ಲಿಗೆಗೆ ಹೇಳಿ ಮಾಡಿಸಿದ್ದು. ಚಳಿ ಶುರುವಾದಾಗ ಗಿಡ ಕತ್ತರಿಸಿ, ನೀರು ಸ್ವಲ್ಪ ಹಿಡಿದು, ಆಮೇಲೆ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಮೊಗ್ಗು ಬಿಡಿಸಿ ಕೈ ಸೋಲುತ್ತದೆ. ದಕ್ಷಿಣದ ಪಟ್ಟಿ ಹೇಗಿರುತ್ತದೆ ಅನ್ನುವುದು ಪಕ್ಕದ ಮನೆಯವರ ಮಹಡಿಗಳ ಲೆಕ್ಕ, ಅದನ್ನು ನಾನು ಇಲ್ಲಿಂದ ಹೇಳಲಾರೆ.

ಲಾನ್ ಬೇಡವೇ ಬೇಡ ಅಂತಲ್ಲ. ಆದರೆ 300 ಚದರ ಅಡಿ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 120ರಿಂದ 140 ಲೀಟರ್ ನೀರು ಬೇಕು, ಹೆಚ್ಚುಕಡಿಮೆ ಹತ್ತು ಬಿಂದಿಗೆ. ನಮ್ಮ ಬೀದಿಗೆ ನೀರು ಬರುವುದೇ ದಿನ ಬಿಟ್ಟು ದಿನ. ಮಕ್ಕಳು ಆಡಲು ಬೇಕು ಅಂದರೆ ಮುಂದೆ ಒಂದು ಚಾಪೆಯಷ್ಟು ಹಾಕಿ, ಸಾಕು. ಲಾನ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಮಳೆನೀರಿಗೆ ಪೈಪು, ಫಿಲ್ಟರ್ ಹಾಕಿಸಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. 1000 ಚದರ ಅಡಿ ತಾರಸಿಯ ಮೇಲೆ ಮುಕ್ಕಾಲು ಲಕ್ಷ ಲೀಟರ್ ಹತ್ತಿರ ಬೀಳುತ್ತದೆ, ಈಗ ಅಷ್ಟೂ ಮೋರಿಗೆ ಹೋಗ್ತಿದೆ.

ಪಾಮ್ ಬಗ್ಗೆ ನನಗೆ ಸುಮ್ನೆ ಒಂದು ಅಸಡ್ಡೆ ಇದೆ, ಒಪ್ಪಿಕೊಳ್ಳುತ್ತೇನೆ. ಕಲ್ಯಾಣ ಮಂಟಪದ ಬಾಗಿಲು ನೆನಪಾಗುತ್ತದೆ. ಅದರ ಬದಲು ಒಂದು ಕರಿಬೇವು, ಒಂದು ನಿಂಬೆ, ಗೇಟಿನ ಪಕ್ಕ ಒಂದು ಪಾರಿಜಾತ ಸಾಕು. ನುಗ್ಗೆಯನ್ನು ಗೋಡೆ ಹತ್ತಿರ ನೆಡಬೇಡಿ. ಕೊಂಬೆ ಮೇ ಗಾಳಿಗೆ ಪಟ್ ಅಂತ ಮುರಿಯುತ್ತದೆ, ಕಂಬಳಿಹುಳು ಗೋಡೆ ಹತ್ತಿ ಕಿಟಕಿವರೆಗೆ ಬರುತ್ತದೆ. ನಂಜನಗೂಡು ರಸಬಾಳೆ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಆ ತಳಿಗೆ ಪನಾಮಾ ಸೊರಗು ರೋಗದ ಕಾಟ, ಒಮ್ಮೆ ರೋಗ ಹೊಕ್ಕ ಮಣ್ಣಿನಿಂದ ಅದು ವರ್ಷಗಟ್ಟಲೆ ಹೋಗುವುದಿಲ್ಲ. ಬಾಳೆಕಂದು ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ತರಬೇಡಿ. ಸಸಿಗೆ ಕರ್ಜನ್ ಪಾರ್ಕಿನ ತೋಟಗಾರಿಕೆ ಇಲಾಖೆಯವರನ್ನು ಒಮ್ಮೆ ವಿಚಾರಿಸಿ. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ನೋಡಿ ಬನ್ನಿ, ಅಲ್ಲಿ ಕಂಡದ್ದನ್ನೆಲ್ಲಾ ಅದೇ ದಿನ ಕೊಂಡು ತರಬೇಡಿ. ನಾನು ತಂದು ಕೈ ಸುಟ್ಟುಕೊಂಡಿದ್ದೇನೆ.

ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಕೊಂಡರೆ ಹಳೆಯದನ್ನೇ ಕೇಳಿ. ಹಸಿ ಗೊಬ್ಬರದ ಬಿಸಿಗೆ ಬೇರು ಸುಡುತ್ತದೆ, ಗೊಣ್ಣೆಹುಳ ಉಚಿತ. ನಮ್ಮ ಭಾವಮೈದ ಮದ್ದೂರಿನಿಂದ ಬರುವಾಗ ಕಾರಿನ ಡಿಕ್ಕಿಯಲ್ಲಿ ಎರಡು ಚೀಲ ಕಬ್ಬಿನ ತರಗು ತರುತ್ತಾನೆ. ಅದನ್ನು ಬುಡಕ್ಕೆ ಒಂದು ಗೇಣು ದಪ್ಪ ಹೊದಿಸಿದ ಮೇಲೆ ನೀರು ಹಾಕುವುದು ಅರ್ಧಕ್ಕೆ ಇಳಿದಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ, ಆ ಮೊದಲ ಮಳೆಗೆ ಗುಂಡಿ ತೆಗೆದು ಗೊಬ್ಬರ ತುಂಬಿಡಿ. ಗಿಡ ಇಡುವುದು ಜೂನ್ ಕೊನೆಗೆ, ಆರಿದ್ರಾ ಹೊತ್ತಿಗೆ ಆದರೂ ತಡವಲ್ಲ.

ಸೀಬೆ ಮರ ದಯವಿಟ್ಟು ಕಡಿಸಬೇಡಿ. ನಾಲ್ಕೈದು ವರ್ಷದಿಂದ ಯಾರೂ ಕತ್ತರಿ ಹಾಕಿರಲಿಕ್ಕಿಲ್ಲ, ಅದಕ್ಕೇ ಕಾಡು ಬೆಳೆದ ಹಾಗೆ ಕಾಣುತ್ತದೆ. ಒಳಗಡೆ ಒಂದಕ್ಕೊಂದು ಉಜ್ಜುವ ಕೊಂಬೆ, ಒಣಗಿದ ಕೊಂಬೆ, ಬುಡದಿಂದ ಎದ್ದ ಚಿಗುರು ಇಷ್ಟನ್ನು ತೆಗೆಸಿ, ಉಳಿದ ಕೊಂಬೆಗಳ ತುದಿ ಒಂದು ಮೊಳ ಕತ್ತರಿಸಿ. ಮೇ ತಿಂಗಳು ಇದಕ್ಕೆ ಒಳ್ಳೆಯದು. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲೇ, ಚಳಿಗಾಲಕ್ಕೆ ಹಣ್ಣು ಬರುತ್ತದೆ. ಕೆಂಪು ತಿರುಳಿನದೋ ಬಿಳಿಯದೋ ಅಂತ ಆಗ ಇಲ್ಲೇ ಬಂದು ಹೇಳಿ.