ರಾತ್ರಿ ಹೊತ್ತು ಅರಳಿಮರ ಆಮ್ಲಜನಕ ಬಿಡುತ್ತದೆಯೇ?

ಪ್ರಶ್ನೆ: ರಾತ್ರಿ ಹುಣಸೆಮರದ ಕೆಳಗೆ ಮಲಗಬಾರದು, ಅದು ಕೆಟ್ಟ ಗಾಳಿ ಬಿಡುತ್ತದೆ ಎಂದು ನಮ್ಮಜ್ಜಿ ಹೇಳುತ್ತಾರೆ. ಅರಳಿಮರ ಮಾತ್ರ 24 ಗಂಟೆಯೂ ಆಮ್ಲಜನಕ ಬಿಡುತ್ತದಂತೆ, ವಾಟ್ಸ್ಆ್ಯಪ್‌ನಲ್ಲೂ ಬಂದಿತ್ತು. ನನ್ನ ನೋಟ್ಸಿನಲ್ಲಿ ‘ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ನಡೆಸುತ್ತವೆ’ ಎಂದಿದೆ. ಹಾಗಾದರೆ ಅರಳಿಮರ ಬೇರೆ ಥರವೇ ಸರ್?
– ಹತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನೋಟ್ಸಿನ ಆ ಸಾಲನ್ನು ತಿದ್ದಿಕೋ. ಪರೀಕ್ಷೆಯಲ್ಲಿ ಅದನ್ನೇ ಬರೆದರೆ ಅಂಕ ಹೋಗುತ್ತದೆ. ಸಸ್ಯಗಳ ಉಸಿರಾಟಕ್ಕೆ ಹಗಲು ರಾತ್ರಿ ಎಂಬ ಭೇದವಿಲ್ಲ. ಎಲೆ, ಕಾಂಡ, ಬೇರು, ಮೊಳಕೆ ಬರುತ್ತಿರುವ ಹೆಸರುಕಾಳು, ಎಲ್ಲೆಲ್ಲಿ ಜೀವಂತ ಕೋಶಗಳಿವೆಯೋ ಅಲ್ಲೆಲ್ಲ ಉಸಿರಾಟ ಸದಾ ನಡೆದೇ ಇರುತ್ತದೆ. ಬೆಳಕಿನ ಹಂಗು ಇರುವುದು ದ್ಯುತಿಸಂಶ್ಲೇಷಣೆಗೆ, ಅಂದರೆ ನೀರು ಮತ್ತು ಇಂಗಾಲದ ಡೈಆಕ್ಸೈಡಿನಿಂದ ಎಲೆ ಆಹಾರ ತಯಾರಿಸುವ ಕೆಲಸಕ್ಕೆ ಮಾತ್ರ. ಬಿಸಿಲಿನಲ್ಲಿ ಎಲೆಯ ದ್ಯುತಿಸಂಶ್ಲೇಷಣೆ ಉಸಿರಾಟಕ್ಕಿಂತ ಎಷ್ಟೋ ಪಟ್ಟು ಜೋರಾಗಿ ನಡೆಯುವುದರಿಂದ, ಉಸಿರಾಟದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಎಲೆಯೊಳಗೇ ಖರ್ಚಾಗಿಬಿಡುತ್ತದೆ. ಹೊರಬರುವುದು ಆಮ್ಲಜನಕ. ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಎರಡೂ ಸರಿಸಮವಾಗುವ ಗಳಿಗೆಯೊಂದು ಬರುತ್ತದೆ. ಆಗ ಎಲೆ ಒಟ್ಟಾರೆ ಯಾವ ಅನಿಲವನ್ನೂ ಬಿಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಅಜ್ಜಿಯ ಮಾತನ್ನು ತಳ್ಳಿಹಾಕಬೇಡ, ಅದಕ್ಕೊಂದು ಆಧಾರವಿದೆ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಪುದೀನ ಜಾತಿಯ ಗಿಡ ಇಟ್ಟ. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇದನ್ನು ಮುಂದುವರಿಸಿ, ಬಿಸಿಲಿದ್ದಾಗ ಮಾತ್ರ, ಅದೂ ಹಸಿರು ಭಾಗಗಳು ಮಾತ್ರ ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ತೋರಿಸಿದ. ನೆರಳಿನಲ್ಲಿ, ರಾತ್ರಿಯಲ್ಲಿ ಗಿಡಗಳು ಗಾಳಿ ಕೆಡಿಸುತ್ತವೆ ಎಂಬುದನ್ನು ತನ್ನ ಪುಸ್ತಕದ ತಲೆಬರಹದಲ್ಲೇ ಹಾಕಿದ. ನಿಜವೇ. ಆದರೆ ಎಷ್ಟು ಕೆಡಿಸುತ್ತವೆ ಎಂದು ಕೇಳಬೇಕು. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಒಂದೇ ಕೋಣೆಯಲ್ಲಿ ಅಕ್ಕ, ತಂಗಿ, ಅಜ್ಜಿ ಒಟ್ಟಿಗೆ ಮಲಗಿ ಬೆಳಿಗ್ಗೆ ಆರಾಮಾಗಿ ಏಳುತ್ತೀರಲ್ಲ? ಬಯಲಿನಲ್ಲಿರುವ ಮರದ ಉಸಿರು ಗಾಳಿಯಲ್ಲಿ ಬೆರೆತು ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಹಾವು, ಚೇಳು, ಮುರಿದು ಬೀಳುವ ಕೊಂಬೆಗೆ ಹೆದರಿ ಮರದಡಿ ಮಲಗದಿದ್ದರೆ ಒಳ್ಳೆಯದೇ.

ಇನ್ನು ಅರಳಿಮರ. ದ್ಯುತಿಸಂಶ್ಲೇಷಣೆಯ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದ. ಮಾಮೂಲಿಗಿಂತ ತೂಕ ಹೆಚ್ಚಿರುವ, ಹಾಗಾಗಿ ಗುರುತು ಹಿಡಿಯಬಹುದಾದ ಆಮ್ಲಜನಕವಿರುವ ನೀರನ್ನು ಪಾಚಿಗೆ ಕೊಟ್ಟು ವಿಜ್ಞಾನಿಗಳಾದ ರೂಬೆನ್, ಕಾಮೆನ್ ಮತ್ತು ಅವರ ಜೊತೆಗಾರರು 1941ರಲ್ಲಿ ಇದನ್ನು ತೋರಿಸಿದರು. ಎಲೆಯಲ್ಲಿ ನೀರಿನ ಅಣು ಒಡೆಯಬೇಕಾದರೆ ಬೆಳಕು ಬೇಕೇ ಬೇಕು. ಆದ್ದರಿಂದ ಕತ್ತಲಲ್ಲಿ ಅರಳಿಯಾಗಲಿ, ತುಳಸಿಯಾಗಲಿ, ಯಾವ ಗಿಡವೂ ಆಮ್ಲಜನಕ ಬಿಡಲಾರದು. ನಮ್ಮ ಊರಿನ ಕಟ್ಟೆಯ ಮರದ ಮೇಲೆ ನನಗೂ ಗೌರವವಿದೆ. ಅದಕ್ಕಾಗಿ ಸುಳ್ಳು ಹೇಳಬೇಕಿಲ್ಲ.

ಹಾಗಾದರೆ ಈ ಸುದ್ದಿ ಹುಟ್ಟಿದ್ದು ಹೇಗೆ? ಪಾಪಾಸುಕಳ್ಳಿ, ಕತ್ತಾಳೆ, ಅನಾನಸ್ ಮುಂತಾದ ಗಿಡಗಳು ನೀರು ಉಳಿಸಲು ಹಗಲು ಪತ್ರರಂಧ್ರ ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಆಹಾರ ತಯಾರಿಸುತ್ತವೆ. ಅರಳಿಯೂ ಇದೇ ಗುಂಪಿನದು ಎನ್ನುವವರಿದ್ದಾರೆ. ಹಾಗೆಂದೇ ಇಟ್ಟುಕೊಂಡರೂ ರಾತ್ರಿ ನಡೆಯುವುದು ಇಂಗಾಲದ ಡೈಆಕ್ಸೈಡ್ ಹೀರುವ ಕೆಲಸ, ಆಮ್ಲಜನಕ ಬಿಡುವ ಕೆಲಸವಲ್ಲ. ಈ ಎರಡನ್ನು ಒಂದೇ ಎಂದುಕೊಂಡದ್ದೇ ಎಡವಟ್ಟು.

ಈ ರಾತ್ರಿ ವ್ಯವಹಾರದ ಸುಳಿವು ಸಿಕ್ಕ ಕತೆ ನಮಗೆ ಹತ್ತಿರದ್ದು. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡಿದ್ದ ಸಸ್ಯತಜ್ಞ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಬರೆದ ಪತ್ರವನ್ನು 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ಜೀವವಿಜ್ಞಾನ ಸಂಘದಲ್ಲಿ ಓದಲಾಯಿತು. ನಿಮ್ಮ ಪಠ್ಯದಲ್ಲಿ ಬ್ರಯೋಫಿಲಮ್ ಎಂದು ಬರುತ್ತದಲ್ಲ, ಎಲೆಯಂಚಿನಲ್ಲೇ ಮರಿಗಿಡ ಹುಟ್ಟುತ್ತದೆಂದು? ಅದೇ ಗಿಡ. ಇಡೀ ರಾತ್ರಿ ಕೂಡಿಟ್ಟ ಆಮ್ಲವೇ ಬೆಳಗಿನ ಆ ಹುಳಿ.

ನೀನೂ ಇದನ್ನು ಪರೀಕ್ಷಿಸಬಹುದು, ಆದರೆ ಎಲೆ ತಿಂದಲ್ಲ. ಆ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶಗಳಿವೆ, ಹೆಚ್ಚು ಮೇಯ್ದ ದನಗಳು ಸತ್ತಿದ್ದೂ ಇದೆ. ಸೂರ್ಯ ಹುಟ್ಟುವ ಮುಂಚೆ ಒಂದು ಎಲೆ ಕಿತ್ತು, ನಾಲ್ಕು ಹನಿ ನೀರಿನಲ್ಲಿ ಜಜ್ಜಿ, ಆಮ್ಲ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಶಾಲೆಯ ಪಿಎಚ್ ಕಾಗದ ಅದ್ದಿ ಬಣ್ಣ ಗುರುತು ಮಾಡಿಕೋ. ಚೆನ್ನಾಗಿ ಬಿಸಿಲು ಬಿದ್ದ ದಿನ ಸಂಜೆ ನಾಲ್ಕಕ್ಕೆ ಅದೇ ಗಿಡದ, ಅದೇ ಅಳತೆಯ ಎಲೆಗೆ ಹಾಗೇ ಮಾಡು. ಬೆಳಗಿನ ಕಾಗದ ಹೆಚ್ಚು ಕೆಂಪು ಕಡೆಗೆ ತಿರುಗಿರುತ್ತದೆ. ಲಿಟ್ಮಸ್ ಬೇಡ, ಅದು ಎರಡು ಸಲವೂ ಕೆಂಪಾಗಿ ವ್ಯತ್ಯಾಸ ಕಾಣದೇ ಹೋಗಬಹುದು. ಪಕ್ಕದಲ್ಲೇ ದಾಸವಾಳದ ಎಲೆಗೂ ಇದೇ ಪರೀಕ್ಷೆ ಮಾಡಿ ಹೋಲಿಸು.

ಪ್ರಶ್ನೆ: ಕುಂಡದ ಗುಲಾಬಿಗೆ ದಿನಾ ಎರಡು ಹೊತ್ತು ನೀರು ಹಾಕುತ್ತೇನೆ, ಆದರೂ ಎಲೆ ಹಳದಿಯಾಗಿ ಉದುರುತ್ತಿವೆ. ಬೇರಿಗೆ ಉಸಿರುಕಟ್ಟಿದೆ ಎಂದರು ಟೀಚರ್. ಮಣ್ಣಿನೊಳಗೆ ಗಾಳಿ ಎಲ್ಲಿದೆ?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಮೈಸೂರು

ಉತ್ತರ: ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ. ನೀನು ಸುರಿದ ನೀರು ಆ ಸಂದುಗಳನ್ನೆಲ್ಲ ತುಂಬಿಬಿಟ್ಟಿದೆ. ಆಮ್ಲಜನಕ ಸಿಗದ ಬೇರಿಗೆ ಶಕ್ತಿ ಸಾಲದು, ಶಕ್ತಿಯಿಲ್ಲದೆ ಖನಿಜಗಳನ್ನು ಹೀರಲಾರದು, ಕೊನೆಗೆ ಕೊಳೆಯುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವುದು ಇದಕ್ಕೇ. ಭತ್ತ ನಿಂತ ನೀರಲ್ಲೂ ಬದುಕುತ್ತದೆ, ಏಕೆಂದರೆ ಎಲೆಯಿಂದ ಬೇರಿನವರೆಗೂ ಅದರೊಳಗೆ ಗಾಳಿಯ ಓಣಿಗಳಿವೆ. ಗುಲಾಬಿಗೆ ಆ ಸೌಲಭ್ಯವಿಲ್ಲ. ಕುಂಡದ ತಳದ ತೂತು ಮುಚ್ಚಿಹೋಗಿದೆಯೇ ನೋಡು. ಬೆರಳು ಒತ್ತಿದಾಗ ಮೇಲಿನ ಮಣ್ಣು ಒಣಗಿದೆ ಅನ್ನಿಸಿದ ಮೇಲಷ್ಟೇ ನೀರು ಹಾಕು.